ಸದ್ಯಕ್ಕೆ ಇಪ್ಪತ್ತನಾಲ್ಕು

ಜೂನ್ 3

ಬೀಗರಿಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತೇವೆ. ಮದುವೆಯ ಊಟದ ವಿಷಯಕ್ಕೆ ಹಾಗೆಯೇ ಜಗಳವಾದಾಗ ನನ್ನ ಮಗಳು, ಅಂದರೆ ನಿಮ್ಮ ಸೊಸೆ, "ಇನ್ಮೇಲೆ ನೀವಿಬ್ರೂ ಕಾಗದ ಬರ್ಕೊಳ್ಳಿ. ಕಾಗದಕ್ಕೆ ಕಿರುಚೋಕೆ ಬರಲ್ಲ" ಎಂದು ಕಟ್ಟಪ್ಪಣೆ ಮಾಡಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರಿಕೆ ನೋಡಿದೆ. ನಿಮ್ಮ ಊರಿನ ಯಾವುದೋ ಕಟ್ಟಡದಲ್ಲಿ ಒಬ್ಬ ಹೆಂಗಸು ಲಿಫ್ಟಿನಿಂದ ಒಂದು ಮಹಡಿ ಮೊದಲೇ ಇಳಿದಳಂತೆ. ತನ್ನ ಕೀಲಿಯಿಂದಲೇ ಬಾಗಿಲು ತೆಗೆದಳಂತೆ. ಅಡುಗೆಮನೆಯಲ್ಲಿ ತರಕಾರಿ ಚೀಲ ಇಟ್ಟು ತಿರುಗಿದರೆ ಯಾರೋ ಗಂಡಸು ಅರ್ಧ ಗಡ್ಡ ಬೋಳಿಸಿಕೊಂಡು ನಿಂತಿದ್ದನಂತೆ. "ನಮ್ಮನೆಯೊಳಗೆ ಹೇಗೋ ಬಂದೆ?" ಎಂದು ಅವಳೇ ಅವನನ್ನು ಬೈದಳಂತೆ. ಆಮೇಲೆ ಕಟ್ಟಡದವರೆಲ್ಲ ಕೀಲಿ ಹಿಡಿದುಕೊಂಡು ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹಾಕಿ ನೋಡಿದರೆ ನಲವತ್ತೆರಡು ಮನೆಗಳಲ್ಲಿ ಹನ್ನೊಂದು ಮನೆಗೆ ಜೋಡಿ ಸಿಕ್ಕಿದೆ. ಆ ಹನ್ನೊಂದು ಬಾಗಿಲ ಮೇಲೂ ನಿಮ್ಮ ಗೂಬೆ ಗುರುತಿನ ಬೀಗ. ಡಬ್ಬಿಯ ಮೇಲೆ ನೀವು ಅಚ್ಚು ಹಾಕಿಸಿರುವುದು "ನಿಮ್ಮ ಕೀಲಿ ನಿಮ್ಮದೊಂದೇ" ಎಂದು.

ನಗು ಬಂತು. ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಕಾರ್ಖಾನೆಯ ಗೇಟಿನ ಎದುರಿಗೇ ನಿಮ್ಮ ಗೂಬೆಯ ದೊಡ್ಡ ಬೋರ್ಡು ನಿಲ್ಲಿಸಿದ್ದೀರಿ. ದಿನಾ ಬೆಳಗ್ಗೆ ಅದರ ಮುಖ ನೋಡಿಯೇ ನಾನು ನನ್ನ ಮುಳ್ಳುಹಂದಿ ಬೀಗ ಮಾಡಲು ಒಳಗೆ ಹೋಗುವುದು. ಬೀಗ ಮಾಡುತ್ತ ಮಾಡುತ್ತ ನೀವು ಬೀಗುವುದನ್ನೂ ಕಲಿತಿರಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ವಿಷಯ. ಬೀಗ ತಯಾರಕರ ಸಂಘದಿಂದ ಒಂದು ಹೇಳಿಕೆ ಸಿದ್ಧವಾಗುತ್ತಿದೆ. ನಿಮ್ಮ ಬೀಗಕ್ಕೂ ಉಳಿದ ನಮ್ಮೆಲ್ಲರ ಬೀಗಕ್ಕೂ ಸಂಬಂಧವಿಲ್ಲ ಎಂಬ ಹೇಳಿಕೆ. ಎಂಟು ಕಂಪನಿಗಳ ಯಜಮಾನರು ಸಹಿ ಹಾಕಬೇಕು. ನನ್ನದೂ ಒಂದು. ಸಹಿ ಹಾಕುವ ಮೊದಲು ನಿಮ್ಮ ಬಾಯಿಂದಲೇ ಕೇಳಬೇಕು ಅನ್ನಿಸಿತು. ನಮ್ಮ ಕಸುಬಿನಲ್ಲಿ ಒಬ್ಬರ ಕೀಲಿಯ ಹಲ್ಲಿನ ಲೆಕ್ಕವನ್ನು ಇನ್ನೊಬ್ಬರು ಕೇಳುವ ಹಾಗಿಲ್ಲ, ಗೊತ್ತು. ಆದರೂ ಕೇಳುತ್ತೇನೆ. ನೀವು ಎಷ್ಟು ಬಗೆಯ ಕೀಲಿ ಕೊರೆಯುತ್ತಿದ್ದೀರಿ?

ಮಗಳು ಹೇಗಿದ್ದಾಳೆ? ಎರಡು ವಾರದಿಂದ ಸುದ್ದಿಯಿಲ್ಲ.

ನಿಮ್ಮ ಬೀಗಿತ್ತಿ


ಜೂನ್ 8

ಬೀಗಿತ್ತಿಯವರಿಗೆ,

ಪತ್ರಿಕೆಯಲ್ಲಿ ಬಂದದ್ದು ನಿಜ. ಇಪ್ಪತ್ತನಾಲ್ಕು.

ನಿಮ್ಮ ಕೈಗೆ ಈ ಸಂಖ್ಯೆ ಬರೆದು ಕೊಟ್ಟಿದ್ದೇನೆ. ಸಂಘದಲ್ಲಿ ತೋರಿಸುವುದಾದರೆ ತೋರಿಸಿ. ನಾನು ಎಲ್ಲಿಯೂ ಅಲ್ಲಗಳೆಯುವುದಿಲ್ಲ, ಯಾರ ಕಾಲಿಗೂ ಬೀಳುವುದಿಲ್ಲ. ಸಂಬಂಧದ ಮುಖ ನೋಡಿ ನೀವು ಸಹಿ ತಡೆಯುವುದು ಬೇಡ. ಹಾಗೆ ತಡೆದರೆ ನಾಳೆ ನನ್ನ ಸೊಸೆಯನ್ನು ನೋಡಿದಾಗಲೆಲ್ಲ ನನಗೆ ನಿಮ್ಮ ಉಪಕಾರ ನೆನಪಾಗುತ್ತದೆ. ಅದು ನನಗೆ ಬೇಡ.

ಒಂದೇ ಮಾತು. ಹೇಳಿಕೆಯಲ್ಲಿ "ಕೆಲಸಗಾರರ ಅಲಕ್ಷ್ಯದಿಂದ" ಎಂದು ಬರೆಯುತ್ತಾರೆ. ನನಗೆ ಅವರ ಕೈಬರಹ ಗೊತ್ತು. ಆ ಸಾಲು ಸುಳ್ಳು. ನಿಮಗೆ ಆದರೆ ತೆಗೆಸಿ.

ಇನ್ನೊಂದು. ಈಗ ನಿಮ್ಮ ಕಡೆಗೆ ಆರ್ಡರುಗಳು ನುಗ್ಗಿ ಬರುತ್ತವೆ. ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಡಿ.

ಸೊಸೆ ಚೆನ್ನಾಗಿದ್ದಾಳೆ.

ಇತಿ


ಜೂನ್ 17

ಬೀಗರೇ,

ನಿಮ್ಮ ಕಾಗದ ಮೂರು ಸಲ ಓದಿದೆ. ಮೂರನೆಯ ಸಲ ನಿಜವಾಗಿ ಕೋಪ ಬಂತು. ಜನರ ಮನೆಬಾಗಿಲಿನ ಜೊತೆ ಆಟವಾಡಿದವರು ನೀವು. ಕ್ಷಮೆಯ ಒಂದು ಅಕ್ಷರವಿಲ್ಲ. ಅದರ ಮೇಲೆ ನನಗೇ ಬುದ್ಧಿ, ಬಂದ ಆರ್ಡರು ಒಪ್ಪಿಕೊಳ್ಳಬೇಡಿ ಅಂತ! ನಿಮ್ಮ ಹೊಟ್ಟೆಯುರಿಗೆ ಕಾಗದವೇ ಬಿಸಿಯಾಗಿತ್ತು.

ಸಹಿ ಹಾಕಿದ್ದೇನೆ. ನೀವೇ ಹಾಕಿ ಎಂದಿರಲ್ಲ.

ಸಭೆಯ ಸುದ್ದಿ ನಿಮಗೆ ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುತ್ತೇನೆ. ಅಧ್ಯಕ್ಷನ ಕುರ್ಚಿಯಲ್ಲಿ ನಮ್ಮ ಚಿಲಕ. (ಬಾಗಿಲ ಚಿಲಕ ಮಾಡಿಯೇ ಮೇಲೆ ಬಂದವನು, ನೀವೇ ಇಟ್ಟ ಹೆಸರು.) ಅವನ ಮುಖದಲ್ಲಿ ಮದುವೆ ಮನೆಯ ಕಳೆ. "ಬೇಜಾರಿನ ಸಂಗತಿ, ಬಹಳ ಬೇಜಾರು" ಎನ್ನುತ್ತ ಎರಡು ಸಲ ಬಿಸ್ಕತ್ತು ತರಿಸಿದ. "ಗೂಬೆ ಕೊಡಿ, ಹೊಸ ಬೀಗ ಒಯ್ಯಿರಿ" ಎಂದು ಎಲ್ಲ ಅಂಗಡಿಗಳಲ್ಲಿ ಬರೆಸುವ ತೀರ್ಮಾನವಾಯಿತು. ನೀವು ಹೇಳಿದ ಆ ಸಾಲು ಇತ್ತು. ನಾನು ಎತ್ತಿದೆ, ಇಲ್ಲವೆನ್ನುವುದಿಲ್ಲ.

"ಕೆಲಸಗಾರರ ಅಲಕ್ಷ್ಯ ಅಂತ ಯಾಕೆ? ನಿಮಗೆ ಗೊತ್ತಾ?" ಅಂದೆ.

"ಅಕ್ಕಾ, ಯಜಮಾನರ ತಪ್ಪು ಅಂತ ಬರೆದ್ರೆ ನಾಳೆ ನಮ್ಮನ್ನೂ ಜನ ಹಾಗೇ ನೋಡ್ತಾರೆ. ಇದಾದ್ರೆ ಎಲ್ಲರಿಗೂ ಕ್ಷೇಮ" ಅಂದ ಚಿಲಕ.

ಎಲ್ಲರೂ ತಲೆಯಾಡಿಸಿದರು. ನಾನೂ ಪೆನ್ನು ತೆಗೆದೆ. ನಿಮ್ಮ ಕಾಗದದ ಸೊಕ್ಕು ಕಣ್ಣ ಮುಂದಿತ್ತು.

ಇನ್ನು ಆರ್ಡರುಗಳು. ನಮ್ಮ ಮಾರಾಟವೆಲ್ಲ ನನ್ನ ತಮ್ಮನ ಕೈಯಲ್ಲಿದೆ, ನಿಮಗೆ ಗೊತ್ತು. ಅವನು ಹದಿನೈದು ದಿನದಿಂದ ನೆಲದ ಮೇಲೆ ನಡೆಯುತ್ತಿಲ್ಲ. ದಿನಕ್ಕೆ ಆರುನೂರು ಬಾಗಿಲ ಬೀಗ ಮಾಡುತ್ತಿದ್ದವರನ್ನು ಈಗ ಸಾವಿರದಾರುನೂರು ಕೇಳುತ್ತಿದ್ದಾರೆ. ಎಲ್ಲವನ್ನೂ ಒಪ್ಪಿಕೊಂಡಿದ್ದೇವೆ. ಒಂದನ್ನೂ ಬಿಟ್ಟಿಲ್ಲ.

ಮಗಳಿಗೆ ನನಗೊಂದು ಕಾಗದ ಬರೆಯಲು ಹೇಳಿ.


ಜೂನ್ 22

ಬೀಗಿತ್ತಿಯವರಿಗೆ,

ಹೇಳಿಕೆ ಪತ್ರಿಕೆಯಲ್ಲಿ ನೋಡಿದೆ. ಎಂಟು ಸಹಿಗಳಲ್ಲಿ ಓದಲು ಬರುವಂತಿದ್ದದ್ದು ನಿಮ್ಮದೊಂದೇ.

ಅಂಗಡಿಯವರು ಬೀಗಗಳನ್ನು ವಾಪಸು ಕಳಿಸುತ್ತಿದ್ದಾರೆ. ಅಂಗಳ ತುಂಬಿದೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಕಾರ್ಖಾನೆ ಮುಚ್ಚುತ್ತಾರಂತೆ ಎಂದು ನಿಮಗೆ ಯಾರಾದರೂ ಹೇಳಿದರೆ, ಮುಚ್ಚುವ ದಿನ ಅವರೇ ಕರೆದು ಹೇಳುತ್ತಾರಂತೆ, ಅಲ್ಲಿಯವರೆಗೆ ಕಾಯಬೇಕಂತೆ ಎನ್ನಿ.

ಸೊಸೆಗೆ ಹೇಳಿದೆ. ಕೆಲಸವಿದೆ ಅಂದಳು. ಚೆನ್ನಾಗಿದ್ದಾಳೆ.

ಇತಿ


ಜುಲೈ 29

ಬೀಗರಿಗೆ,

ಆರು ವಾರ ಬರೆಯಲಿಲ್ಲ. ಬರೆಯಲು ಪುರಸೊತ್ತಿರಲಿಲ್ಲ ಎಂದು ಶುರು ಮಾಡಿದ್ದೆ. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ.

ಮೊನ್ನೆ ಡಬ್ಬಿ ತುಂಬುವ ಕೋಣೆಗೆ ಹೋಗಿದ್ದೆ. ಅಲ್ಲಿ ಹದಿನಾರು ಹೆಂಗಸರು ಬೀಗಕ್ಕೆ ಕೀಲಿ ಕಟ್ಟಿ ಡಬ್ಬಿಗೆ ಹಾಕುತ್ತಾರೆ. ಅವರಲ್ಲೊಬ್ಬಳು ಬಾಯಾಳಿ. ನನ್ನನ್ನು ನೋಡಿ ಒಂದು ಕೀಲಿ ಎತ್ತಿ ಹಿಡಿದಳು.

"ಅಮ್ಮಾ, ಇವನು ನಿನ್ನೆನೂ ಬಂದಿದ್ದ. ಗುರುತು ಹಿಡಿದು ಮಾತಾಡಿಸ್ದ."

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಕೀಲಿ ತೆಗೆದುಕೊಂಡು ಪಕ್ಕದ ರಾಶಿಯ ಒಂದು ಬೀಗಕ್ಕೆ ಹಾಕಿದೆ. ಆಗಲಿಲ್ಲ. ಇನ್ನೊಂದಕ್ಕೆ ಹಾಕಿದೆ. ಹೀಗೆ ಹಾಕುತ್ತ ಹೋದೆ. ಎಷ್ಟನೆಯದೋ ತಿರುಗಿತು. ಆಮೇಲೆ ಯಾರೂ ನಗಲಿಲ್ಲ.

ಅಲ್ಲಿಂದ ನೇರವಾಗಿ ಕೀಲಿ ಕೊರೆಯುವ ಯಂತ್ರದ ಹತ್ತಿರ ಹೋದೆ. ನಿಮಗೆ ಬಿಡಿಸಿ ಹೇಳಬೇಕಿಲ್ಲ, ಆದರೆ ನನ್ನ ಸಮಾಧಾನಕ್ಕೆ ಬರೆಯುತ್ತೇನೆ. ಹಲ್ಲಿನ ಬಗೆ ಬದಲಾಯಿಸಿದಾಗಲೆಲ್ಲ ಯಂತ್ರ ಇಪ್ಪತ್ತು ನಿಮಿಷ ನಿಲ್ಲಬೇಕು. ನಮ್ಮಲ್ಲಿ ದಿನಕ್ಕೆ ಹನ್ನೆರಡು ಸಲ ನಿಲ್ಲಿಸುತ್ತಿದ್ದೆವು. ನಾನೂರ ಎಂಬತ್ತು ಬಗೆ ಮುಗಿದ ಮೇಲೆ ಮತ್ತೆ ಮೊದಲನೆಯದು. ಇದು ನಮ್ಮ ಹಲ್ಲಿನ ಲೆಕ್ಕ. ನೀವು ನಿಮ್ಮದು ಹೇಳಿದಿರಿ, ನಾನು ಇವತ್ತು ಹೇಳುತ್ತಿದ್ದೇನೆ.

ಯಂತ್ರದ ಮೇಲಿನ ಕರಿಹಲಗೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆದಿತ್ತು: ಸದ್ಯಕ್ಕೆ 30.

ಮೇಸ್ತ್ರಿಯನ್ನು ಕರೆದೆ. ನಮ್ಮ ತಂದೆಯ ಕಾಲದ ಮನುಷ್ಯ, ಸುಳ್ಳು ಹೇಳುವವನಲ್ಲ.

"ಏನಿದು ಮೇಸ್ತ್ರಿ?"

"ಸದ್ಯಕ್ಕೆ ಅಮ್ಮಾ."

"ಸದ್ಯಕ್ಕೆ ಅಂದ್ರೆ ಯಾವತ್ತಿನವರೆಗೆ?"

"ನೀವು ಬೇಡ ಅನ್ನೋವರೆಗೆ."

"ಬೇಕು ಅಂತ ನಾನು ಯಾವಾಗ ಅಂದೆ?"

"ಸಾವಿರದಾರ್ನೂರು ಬೇಕು ಅಂದ್ರಲ್ಲಮ್ಮಾ. ಅದು ಇದೇ. ದಿನಕ್ಕೆ ಹನ್ನೆರಡು ಸಲ ಯಂತ್ರ ನಿಲ್ಸಿ ಸಾವಿರದಾರ್ನೂರು ಮಾಡೋದು ನನ್ನಪ್ಪನ ಕೈಲೂ ಆಗಲ್ಲ. ಜೂನ್ ಕಳೆಯೋವರೆಗೆ ಗೋದಾಮಿನ ಹಳೇ ಸರಕು ಕೊಟ್ಟು ದಾಟಿಸ್ದೆ. ಆಮೇಲೆ ಎರಡು ಪಾಳಿ ಹಾಕ್ದೆ. ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ನೀವು ಫೋನಲ್ಲಿದ್ರಿ. ಕೈ ಮಾಡಿದ್ರಿ, ಆಮೇಲೆ ಬಾ ಅಂತ."

ಕೈ ಮಾಡಿದ್ದು ನನಗೆ ನೆನಪಿದೆ.

ಹತ್ತು ದಿನ, ಹದಿನೆಂಟರಿಂದ ಇಪ್ಪತ್ತೇಳರವರೆಗೆ. ಹದಿನಾರು ಸಾವಿರ ಬೀಗ. ಹದಿನಾಲ್ಕು ಸಾವಿರ ಇನ್ನೂ ಗೋದಾಮಿನಲ್ಲೂ ಅಂಗಡಿಗಳಲ್ಲೂ ಇವೆ. ಎರಡು ಸಾವಿರ ಜನರ ಬಾಗಿಲ ಮೇಲೆ ಕೂತಿವೆ. ಅವರಲ್ಲಿ ಹೆಚ್ಚಿನವರು ನಿಮ್ಮ ಬೀಗ ಕಿತ್ತು ನಮ್ಮದು ಹಾಕಿಸಿಕೊಂಡವರು.

ಯಂತ್ರ ನಿಲ್ಲಿಸಿದ್ದೇನೆ. ತಮ್ಮನಿಗೆ ಇನ್ನೂ ಹೇಳಿಲ್ಲ. "ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಡಿ" ಎಂದು ನೀವು ಬರೆದದ್ದು ಏನೆಂದು ಈಗ ಅರ್ಥವಾಯಿತು. ಆಗಲೇ ಬಿಡಿಸಿ ಹೇಳಬಾರದಿತ್ತೇ? ಹೇಳಿದ್ದರೂ ನಾನು ಕೇಳುತ್ತಿರಲಿಲ್ಲವೇನೋ.

ನಿಮ್ಮಲ್ಲಿ ಇದು ಹೇಗೆ ಶುರುವಾಯಿತು? ಗೇಲಿಗೆ ಕೇಳುತ್ತಿಲ್ಲ. ಕೆಲಸ ಕಲಿಯುವವಳು ಕೇಳಿದ ಹಾಗೆ ಕೇಳುತ್ತಿದ್ದೇನೆ.


ಆಗಸ್ಟ್ 3

ಬೀಗಿತ್ತಿಯವರಿಗೆ,

"ಸದ್ಯಕ್ಕೆ" ಎಂಬ ಮಾತು ಓದಿ ಕಾಗದ ಕೆಳಗಿಟ್ಟೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಒಂಬತ್ತು ವರ್ಷದ ಹಿಂದೆ ಕೊಡೆ ಗುರುತಿನವರ ಕಾರ್ಖಾನೆಗೆ ಬೆಂಕಿ ಬಿತ್ತಲ್ಲ, ಅವರ ಗಿರಾಕಿಗಳೆಲ್ಲ ನಮ್ಮ ಕಡೆ ಬಂದರು. ಅವರ ಕಷ್ಟಕ್ಕೆ ಮರುಗುತ್ತಲೇ ನಾನು ಎಲ್ಲ ಆರ್ಡರನ್ನೂ ಒಪ್ಪಿಕೊಂಡೆ. ಆಗ ನಮ್ಮದು ಮುನ್ನೂರು ಬಗೆ. ನಮ್ಮ ಮೇಸ್ತ್ರಿ ಆಗುವುದಿಲ್ಲ ಎಂದ. "ಒಂದೇ ವಾರ ಕಣಯ್ಯಾ" ಎಂದು ನಾನೇ ಅವನ ಕೈಯಿಂದ ಸುಣ್ಣದ ಕಡ್ಡಿ ಕಿತ್ತುಕೊಂಡು ಹಲಗೆಯ ಮೇಲೆ ಬರೆದೆ: ಸದ್ಯಕ್ಕೆ 24. ನನ್ನದೇ ಅಕ್ಷರ.

ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು. ಗಾಳಿಗೆ, ಕೈ ತಗಲಿ ಬರಹ ಮಾಸುತ್ತಿತ್ತು. ದಿನಾ ತಿದ್ದಿ ಬರೆಯುವುದು ಯಾರಿಗೆ ಬೇಕು ಎಂದು ಮುಂದಿನ ವರ್ಷ ಗೋಡೆಗೆ ಬಣ್ಣ ಬಳಿಯಲು ಬಂದವನ ಕೈಯಲ್ಲಿ ಅದನ್ನೇ ಎಣ್ಣೆ ಬಣ್ಣದಲ್ಲಿ ಬರೆಸಿಬಿಟ್ಟರು. ಅಂದವಾಗಿ, ಸುತ್ತ ಒಂದು ಗೆರೆ ಎಳೆದು. "ಸದ್ಯಕ್ಕೆ 24". ಎಂಟು ವರ್ಷ ನಾನು ದಿನಾ ಅದರ ಕೆಳಗೆ ಓಡಾಡಿದ್ದೇನೆ. ಒಮ್ಮೆಯೂ ಓದಲಿಲ್ಲ.

ಈಗ ಹೇಳಿ, ಇದರಲ್ಲಿ ಕೆಲಸಗಾರರ ಅಲಕ್ಷ್ಯ ಎಲ್ಲಿದೆ? ಪತ್ರಿಕೆಯಲ್ಲಿ ಆ ಸಾಲು ಬಂದ ಮರುದಿನ ನಮ್ಮ ಮೇಸ್ತ್ರಿಯ ಮಗಳ ಸಂಬಂಧ ನೋಡಲು ಬರಬೇಕಿದ್ದವರು ಬರಲಿಲ್ಲ. ಅವನು ಅವತ್ತೆಲ್ಲ ಯಂತ್ರಕ್ಕೆ ಎಣ್ಣೆ ಹಾಕಿದ್ದಕ್ಕೇ ಮತ್ತೆ ಮತ್ತೆ ಎಣ್ಣೆ ಹಾಕುತ್ತಿದ್ದ.

ಆ ಹಲಗೆಯ ಫೋಟೋ ತೆಗೆಸಿ, ಬರೆದವನು ನಾನು ಎಂದು ಕೆಳಗೆ ಸಹಿ ಹಾಕಿ ಪತ್ರಿಕೆಗಳಿಗೆ ಕಳಿಸಿದೆ. ಯಾರೂ ಹಾಕಲಿಲ್ಲ. ಎಂಟು ಯಜಮಾನರು ಒಟ್ಟಿಗೆ ಹೇಳಿದ್ದನ್ನು ಒಬ್ಬ ಕಳ್ಳ ಯಜಮಾನ ತಿದ್ದಿದರೆ ಯಾರು ನಂಬುತ್ತಾರೆ?

ನೀವು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನಿಮಗೆ ನನಗಿಂತ ಒಂದು ಅನುಕೂಲವಿದೆ. ನಿಮ್ಮದು ಹತ್ತು ದಿನ, ಇನ್ನೂ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಯಾವತ್ತೂ ಗೊತ್ತಾಗದೆಯೂ ಇರಬಹುದು. ಇದನ್ನು ಅನುಕೂಲ ಎನ್ನುತ್ತೀರೋ ಏನೋ, ನಿಮಗೇ ಬಿಟ್ಟಿದ್ದು.

ಸೊಸೆಯ ವಿಷಯದಲ್ಲಿ ನಾನು ಪೂರ್ತಿ ಹೇಳಿಲ್ಲ. ಅವಳೂ ಮಗನೂ ದಿನವಿಡೀ ಅಂಗಳದಲ್ಲಿ ಕೂತು ವಾಪಸು ಬಂದ ಬೀಗಗಳಿಗೆ ಹೊಸ ಹಲ್ಲು ಕೊರೆಯುತ್ತಿದ್ದಾರೆ. ಲೋಹ ಉಜ್ಜುವ ಅರ ಹಿಡಿದೂ ಹಿಡಿದೂ ಅವಳ ಹೆಬ್ಬೆರಳು ದಡ್ಡುಗಟ್ಟಿದೆ. ನಿಮಗೆ ಕಾಗದ ಬರೆ ಎಂದರೆ, "ಅಮ್ಮನ ಸಹಿ ಆ ಸಾಲಿನ ಕೆಳಗಿರೋವರೆಗೂ ಬರೆಯಲ್ಲ" ಎನ್ನುತ್ತಾಳೆ.

ಇತಿ


ಆಗಸ್ಟ್ 14

ಬೀಗರಿಗೆ ನಮಸ್ಕಾರ.

ಮಗಳ ಸುದ್ದಿ ಓದಿ ಎರಡು ದಿನ ನಿಮ್ಮ ಮೇಲೆಯೇ ಸಿಟ್ಟಿತ್ತು. ಮುಚ್ಚಿಟ್ಟಿರಿ ಎಂದು. ಆಮೇಲೆ ಅವಳ ಜಾಗದಲ್ಲಿ ನಾನಿದ್ದರೂ ಬರೆಯುತ್ತಿರಲಿಲ್ಲ ಅನ್ನಿಸಿತು.

ಸುಮ್ಮನಿರಲಿಲ್ಲ. ಮೊದಲು ತಮ್ಮನಿಗೆ ಹೇಳಿದೆ.

"ಅಕ್ಕ, ತಲೆ ನೆಟ್ಟಗಿದೆಯಾ? ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಅಂತ ನೀನೂ ನಿನ್ನ ಮನೆಗೆ ಕಡ್ಡಿ ಗೀರ್ತೀಯಾ? ಹತ್ತೇ ಹತ್ತು ದಿನದ ಸರಕು. ಎರಡು ಸಾವಿರ ಮನೆ ಬೇರೆ ಬೇರೆ ಕಡೆ ಇವೆ. ಒಬ್ಬರ ಕೀಲಿ ಇನ್ನೊಬ್ಬರಿಗೆ ಎಲ್ಲಿ ಸಿಗುತ್ತೆ?"

"ತರಕಾರಿ ಚೀಲದವಳಿಗೆ ಹೇಗೆ ಸಿಕ್ತು?" ಅಂದೆ.

ಅವನು ಎದ್ದು ಹೋದ. ಇವತ್ತಿಗೆ ಆರು ದಿನ, ಒಂದೇ ಕಟ್ಟಡದಲ್ಲಿ ಕೂತು ನನ್ನ ಜೊತೆ ಗುಮಾಸ್ತೆಯ ಮೂಲಕ ಮಾತಾಡುತ್ತಿದ್ದಾನೆ.

ನಿನ್ನೆ ಸಂಘದ ಸಭೆಯಿತ್ತು. ನಿಮ್ಮನ್ನು ತೆಗೆದುಹಾಕುವ ವಿಷಯ. ಚಿಲಕ ಕಾಗದ ಓದಲು ಶುರು ಮಾಡುವ ಮೊದಲೇ ನಾನು ಎದ್ದು ನಿಂತೆ.

"ಅಕ್ಕಾ, ಕೂತ್ಕೊಂಡೇ ಹೇಳಿ" ಅಂದ.

"ನಿಂತೇ ಹೇಳ್ತೀನಿ. ಕೂತ್ರೆ ಭಯ ಬರುತ್ತೆ."

ಹೇಳಿದೆ. ಆ ಹೇಳಿಕೆಯಿಂದ ನನ್ನ ಸಹಿ ವಾಪಸು ತೆಗೆದುಕೊಂಡಿದ್ದೇನೆ ಅಂದೆ. ಕೆಲಸಗಾರರ ಅಲಕ್ಷ್ಯ ಎನ್ನುವುದು ಸುಳ್ಳು, ಅದಕ್ಕೆ ನಾನೂ ಸೇರಿಕೊಂಡೆ, ಅದು ನನ್ನ ತಪ್ಪು ಅಂದೆ. ಆಮೇಲೆ ನಮ್ಮ ಹತ್ತು ದಿನದ ಕಥೆ ಹೇಳಿದೆ.

ಚಿಲಕನೇ ಮೊದಲು ಚೇತರಿಸಿಕೊಂಡ. "ಬೀಗರ ಪರವಾಗಿ ಅಕ್ಕ ಚೆನ್ನಾಗೇ ವಕಾಲತ್ತು ಹಾಕಿದ್ರು. ಮಗಳು ಅಲ್ಲಿದ್ದಾಳಲ್ಲ, ಪಾಪ" ಅಂದ. ಒಂದಿಬ್ಬರು ನಕ್ಕರು.

"ಬೀಗರ ಪರ ಅಲ್ಲ, ಬೀಗದ ಪರ" ಅಂದೆ. "ಈಗ ನೀವು ಹೇಳಿ ಅಧ್ಯಕ್ಷರೇ. ಜೂನಿಂದ ನಿಮ್ಮ ಆರ್ಡರೂ ಮೂರು ಪಟ್ಟು ಆಗಿದೆ. ಹೊಸ ಯಂತ್ರ ತಂದಿಲ್ಲ, ಹೊಸ ಜನ ತಗೊಂಡಿಲ್ಲ. ನಿಮ್ಮ ಹಲಗೆ ಮೇಲೆ ಸದ್ಯಕ್ಕೆ ಎಷ್ಟು?"

ಅವನು ಬಿಸ್ಕತ್ತಿನ ತಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ. ನಾನು ಪಕ್ಕದವರನ್ನು ಕೇಳಿದೆ. ಅವರು ಕನ್ನಡಕ ಒರೆಸಿದರು. ಅವರ ಪಕ್ಕದವರಿಗೆ ಅಷ್ಟರಲ್ಲಿ ಫೋನ್ ಬಂತು. ಒಬ್ಬರೂ ಸಂಖ್ಯೆ ಹೇಳಲಿಲ್ಲ. ಒಬ್ಬರೂ ನನ್ನನ್ನು ಸುಳ್ಳಿ ಎನ್ನಲೂ ಇಲ್ಲ.

ಕೊನೆಗೆ ಚಿಲಕ ನಿಧಾನವಾಗಿ ಹೇಳಿದ. "ಹಲ್ಲಿನ ಲೆಕ್ಕ ಕೇಳೋದು ನಮ್ಮ ಕಸುಬಲ್ಲಿ ಮರ್ಯಾದೆ ಅಲ್ಲ ಅಕ್ಕಾ. ಇದನ್ನ ನೀವು ಹೊರಗೆ ಬರೆದ್ರೆ, ಸಂಘದ ಅಂಗಡಿಗಳಲ್ಲಿ ನಿಮ್ಮ ಮುಳ್ಳುಹಂದಿಗೆ ಜಾಗ ಇರಲ್ಲ."

"ಮುಳ್ಳುಹಂದಿ ಎಲ್ಲಾದರೂ ಇರುತ್ತೆ. ಅದನ್ನ ಹಿಡ್ಕೊಳ್ಳೋರಿಗೇ ಕಷ್ಟ" ಎಂದು ಬಂದುಬಿಟ್ಟೆ.

ಇವತ್ತಿನ ಪತ್ರಿಕೆಯಲ್ಲಿ ನಮ್ಮ ಜಾಹೀರಾತು ಬಂದಿದೆ. ಚೂರು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. "ಜುಲೈ 18ರಿಂದ 27ರವರೆಗೆ ನಾವು ಮಾಡಿದ ಬೀಗಗಳಲ್ಲಿ ಒಂದೇ ಕೀಲಿ ಹಲವು ಬೀಗಗಳಿಗೆ ಆಗುತ್ತದೆ. ತಪ್ಪು ಯಜಮಾನಿಯದು, ಕೆಲಸಗಾರರದಲ್ಲ. ನಿಮ್ಮ ಮನೆಗೇ ಬಂದು ಸರಿ ಮಾಡಿಕೊಡುತ್ತೇವೆ. ಹೊಸ ಬೀಗ ಬೇಕಾದವರು ಐದು ತಿಂಗಳು ಕಾಯಬೇಕು." ಕೊನೆಯ ಸಾಲು ಹಾಕಬೇಡಿ ಎಂದು ತಮ್ಮ ಗುಮಾಸ್ತೆಯ ಕೈಲಿ ಹೇಳಿ ಕಳಿಸಿದ್ದ. ಹಾಕಿದೆ.

ಬೆಳಗ್ಗಿನಿಂದ ಫೋನು ನಿಂತಿಲ್ಲ. ಬೈಯುವವರೇ ಹೆಚ್ಚು. ಇನ್ನು ಎರಡು ಸಾವಿರ ಬಾಗಿಲು ತಟ್ಟಬೇಕು. ಅಂಗಡಿಗಳ ಬಿಲ್ಲಿನಿಂದ ತೆಗೆಸಿದ ವಿಳಾಸಗಳಿವೆ. ಹೇಗೆ ಶುರು ಮಾಡುವುದೋ ತಿಳಿಯದು.

ನಿಮ್ಮ ಬೀಗಿತ್ತಿ


ಆಗಸ್ಟ್ 20

ಬೀಗಿತ್ತಿಯವರಿಗೆ,

ಹೇಗೆ ಶುರು ಮಾಡುವುದು ಎಂದು ಕೇಳಿದ್ದೀರಿ. ನನಗೆ ಗೊತ್ತು. ಎರಡು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನೆ. ನಾನು ತಲೆಮರೆಸಿಕೊಂಡಿದ್ದೇನೆ ಎಂದು ಪತ್ರಿಕೆಯವರು ಬರೆದ ದಿನ ನಾನು ಒಂದು ಕಟ್ಟಡದ ಐದನೆಯ ಮಹಡಿಯಲ್ಲಿ ಹೊಸ ಕೀಲಿ ಉಜ್ಜುತ್ತ ಕೂತಿದ್ದೆ.

ಕೆಲವು ಮಾತು ಹೇಳುತ್ತೇನೆ. ಬೆಳಗ್ಗೆ ಹತ್ತಕ್ಕೆ ಮೊದಲು ಹೋಗಬೇಡಿ, ಯಾರಿಗೂ ಪುರಸೊತ್ತಿರುವುದಿಲ್ಲ. "ನಿಮ್ಮ ಬೀಗ ಸರಿಯಿಲ್ಲ" ಎಂದು ಶುರು ಮಾಡಿದರೆ ಕಳ್ಳರೆಂದುಕೊಳ್ಳುತ್ತಾರೆ. ಎರಡು ಸಲ ನನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟರು. ಅದರಲ್ಲಿ ಒಬ್ಬ ಪೊಲೀಸಿನವನ ಮನೆಯ ಬೀಗವೂ ನಮ್ಮದೇ. ಅದನ್ನೂ ಸರಿ ಮಾಡಿ ಬಂದೆ.

ಒಂದು ಮನೆಯಲ್ಲಿ ಒಳಗಿನಿಂದ "ಯಾರು?" ಎಂದು ಒಬ್ಬ ಅಜ್ಜಿ ಕೂಗಿದರು. "ಬೀಗದವರು" ಅಂದೆ. ಕಿವಿ ಮಂದ. "ಬೀಗರಾ? ನಮ್ಮನೇಲಿ ಮದುವೆ ಆಗೋರು ಯಾರೂ ಉಳಿದಿಲ್ಲ, ಪಕ್ಕದ ಮನೇಲಿ ಕೇಳಿ" ಅಂದರು. ಎರಡು ತಿಂಗಳಲ್ಲಿ ನಾನು ನಕ್ಕದ್ದು ಅವತ್ತೊಂದೇ ಸಲ. ನಿಮಗೆ ಬರೆಯಬೇಕು ಅನ್ನಿಸಿತ್ತು. ಆಗ ನಾವು ಹಾಗೆ ಬರೆದುಕೊಳ್ಳುತ್ತಿರಲಿಲ್ಲ.

ಬೈದರೆ ಬೈಸಿಕೊಳ್ಳಿ. ಆದರೆ ತಲೆ ತಗ್ಗಿಸಿಕೊಂಡು ನಿಲ್ಲಬೇಡಿ. ತಲೆ ತಗ್ಗಿಸಿದವರನ್ನು ಯಾರೂ ಒಳಗೆ ಬಿಡುವುದಿಲ್ಲ, ಅದು ನನ್ನ ಅನುಭವ.

ನಿಮ್ಮ ಜಾಹೀರಾತು ತಲುಪಿತು. ಸೊಸೆ ಅದನ್ನು ಕಾರ್ಖಾನೆಯ ನಡುವೆ ನಿಂತು ಗಟ್ಟಿಯಾಗಿ ಓದಿದಳು. "ತಪ್ಪು ಯಜಮಾನಿಯದು" ಎಂಬಲ್ಲಿ ನಿಲ್ಲಿಸಿ ಹಾಳೆಯನ್ನು ಮುಂದೆ ಚಾಚಿದಳು. ಮುಂದಿನದನ್ನು ಮೇಸ್ತ್ರಿ ಓದಿದ. ಓದಿ, ಮಡಿಸಿ, ಕೇಳದೆಯೇ ತನ್ನ ಜೇಬಿನಲ್ಲಿ ಇಟ್ಟುಕೊಂಡ. ಮನೆಗೆ ಒಯ್ದು ತೋರಿಸಬೇಕಂತೆ. ನಾನು ವಾಪಸು ಕೇಳಲಿಲ್ಲ. ನಿಮ್ಮಲ್ಲಿ ಇನ್ನೊಂದು ಪ್ರತಿಯಿದ್ದರೆ ಕಳಿಸಿ.

ಸೊಸೆ ನಾಳೆಯ ಬಸ್ಸಿಗೆ ಹೊರಡುತ್ತಿದ್ದಾಳೆ, ಅರದ ಚೀಲದೊಂದಿಗೆ. ಮಗಳು ತವರಿಗೆ ಬಂದಳು ಎಂದುಕೊಳ್ಳಬೇಡಿ. ಗೂಬೆ ಕಂಪನಿಯ ಕೆಲಸಗಾರ್ತಿಯನ್ನು ಮುಳ್ಳುಹಂದಿ ಕಂಪನಿಗೆ ಕಳಿಸುತ್ತಿದ್ದೇನೆ. ನಮ್ಮಲ್ಲಿ ಅವಳಷ್ಟು ಚುರುಕಾಗಿ ಹಲ್ಲು ಕೊರೆಯುವವರು ಈಗ ಇನ್ನೊಬ್ಬರಿಲ್ಲ. ಸಂಘದವರು ಏನೆನ್ನುತ್ತಾರೋ ಅಂದುಕೊಳ್ಳಲಿ.

ನಿಮ್ಮ ಬೀಗ


ಸೆಪ್ಟೆಂಬರ್ 2

ಬೀಗರಿಗೆ ನಮಸ್ಕಾರ.

ನಿಮ್ಮ ಕೆಲಸಗಾರ್ತಿ ಬಂದಿದ್ದಾಳೆ. ಬಸ್ಸಿನಿಂದಿಳಿದು ನನ್ನ ಮುಖ ನೋಡಿ, "ಅಮ್ಮಾ, ಮೊದಲು ಯಾವ ಬೀದಿ?" ಅಂದಳು. ಊಟ ಮಾಡು ಅಂದರೆ ಕೇಳಲಿಲ್ಲ. ಅವಳ ಹೆಬ್ಬೆರಳು ನೋಡಿದೆ. ಈಗ ನನ್ನದೂ ಹಾಗೇ ಆಗುತ್ತಿದೆ.

ಸಂಘದಿಂದ ನೋಂದಾಯಿತ ಅಂಚೆಯಲ್ಲಿ ಒಂದು ಲಕೋಟೆ ಬಂದಿದೆ. ನಿಮಗೂ ಬಂದಿರುತ್ತದೆ. ಅದರಲ್ಲಿ ಏನಿದೆಯೆಂದು ಹೊರಗಿನಿಂದಲೇ ಗೊತ್ತಾಗುವ ಹಾಗಿದೆ. ಒಡೆದಿಲ್ಲ. ಹನ್ನೊಂದು ಅಂಗಡಿಯವರು ನಮ್ಮ ಸರಕು ಇಳಿಸಿಕೊಳ್ಳಲಿಲ್ಲ. ನಾಲ್ವರು ಮಾತ್ರ, ಐದು ತಿಂಗಳಾದರೂ ಸರಿ, ಕಾಯುತ್ತೇವೆ ಎಂದು ಬರೆದಿದ್ದಾರೆ. ಯಂತ್ರ ಮತ್ತೆ ದಿನಕ್ಕೆ ಹನ್ನೆರಡು ಸಲ ನಿಲ್ಲುತ್ತಿದೆ. ನಿಂತಾಗ ಮೊದಲೆಲ್ಲ ನನಗೆ ಚಡಪಡಿಕೆ ಆಗುತ್ತಿತ್ತು. ಈಗ ಆ ಸದ್ದಿಲ್ಲದ ಇಪ್ಪತ್ತು ನಿಮಿಷ ಕಿವಿಗೆ ಹಿತವಾಗಿದೆ. ತಮ್ಮ ನಿನ್ನೆ ಗುಮಾಸ್ತೆಯನ್ನು ಕಳಿಸದೆ ತಾನೇ ಬಂದು, "ನಾಳೆ ಎಷ್ಟು ಮನೆ?" ಎಂದು ಕೇಳಿದ. ಕೇಳಿ, ಉತ್ತರಕ್ಕೆ ಕಾಯದೆ ಹೋದ. ಅಷ್ಟೇ ಸಾಕು.

ಮುನ್ನೂರ ಎಂಟು ಬಾಗಿಲು ಮುಗಿದಿವೆ. ಪೊಲೀಸರು ಇನ್ನೂ ಬಂದಿಲ್ಲ.

ಇವತ್ತು ನಡೆದದ್ದನ್ನು ನಿಮಗೆ ಹೇಳಲೇಬೇಕು. ನಾಲ್ಕನೆಯ ಮಹಡಿಯಲ್ಲಿ ಒಬ್ಬಳು, ಹೊಲಿಗೆ ಕೆಲಸದವಳು, ಬಾಗಿಲನ್ನು ಒಂದು ಗೇಣು ಮಾತ್ರ ತೆಗೆದು ಸರಪಳಿ ಹಾಕಿಕೊಂಡೇ ಮಾತಾಡಿದಳು. ಮೂರು ತಿಂಗಳಲ್ಲಿ ಇದು ಅವಳ ಮೂರನೆಯ ಬೀಗ. ಮೊದಲು ನಿಮ್ಮದಿತ್ತು. ಅದನ್ನು ಕಿತ್ತು ಚಿಲಕನ ಅಂಗಡಿಯದು ಹಾಕಿಸಿದಳಂತೆ. ಅದು ಸರಿಯಾಗಿ ಕೂರಲಿಲ್ಲವೆಂದು ನಮ್ಮದು.

"ಜಾಹೀರಾತು ಓದ್ದೆ" ಅಂದಳು. "ನೀವು ಹೊಸ ಹಲ್ಲು ಕೊರೆದು ಕೊಡ್ತೀರಿ, ಸರಿ. ಕೊರೆಯೋರು ನೀವೇ ತಾನೆ? ಆ ಹಲ್ಲು ನಿಮಗೆ ಗೊತ್ತಿರುತ್ತಲ್ಲ. ಆಮೇಲೆ ನಿಮ್ಮನ್ನ ಯಾಕೆ ನಂಬಲಿ?"

ಮುನ್ನೂರು ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಉತ್ತರ ಬಾಯಿಗೆ ಬಂತು. ನಮ್ಮ ಹೆಸರು, ನಮ್ಮ ತಂದೆಯ ಕಾಲದ ಕಾರ್ಖಾನೆ, ಎಲ್ಲ. ನುಂಗಿಕೊಂಡೆ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

"ಹಾಗಾದ್ರೆ ನೀವೇ ಕೊರ್ಕೊಳ್ಳಿ" ಅಂದಳು ನಿಮ್ಮ ಸೊಸೆ.

"ನಂಗೆ ಬರುತ್ತಾ?"

"ಗುಂಡಿಯ ಕಾಜ ಹೊಲಿಯೋಕೆ ಬರುತ್ತಲ್ಲ? ಅದಕ್ಕಿಂತ ಸುಲಭ. ಹೇಳ್ಕೊಡ್ತೀನಿ. ನೋಡಲ್ಲ."

ಬೀಗ ಬಿಚ್ಚಿ, ಕೀಲಿಯ ಹಲ್ಲಿಗೆ ಸಿಗುವ ಒಳಗಿನ ಐದು ತಗಡುಗಳನ್ನು ಅವಳ ಅಂಗೈಗೆ ಹಾಕಿದೆವು. ನಿಮಗೆ ಬೇಕಾದ ಸರದಿಯಲ್ಲಿ ಇಟ್ಟುಕೊಳ್ಳಿ ಎಂದೆವು. ಹಲ್ಲಿಲ್ಲದ ಮೂರು ಖಾಲಿ ಕೀಲಿ, ಒಂದು ಅರ ಸರಪಳಿಯ ಸಂದಿನಿಂದ ಕೊಟ್ಟೆವು. ಆಮೇಲೆ ತಾಯಿ ಮಗಳಿಬ್ಬರೂ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕುಳಿತೆವು. ಮಗಳು ಗೋಡೆ ನೋಡುತ್ತ ಹೇಳಿಕೊಟ್ಟಳು. "ಕೀಲಿ ಒಳಗೆ ಹಾಕಿ. ತಿರುಗಿಸಿ ನೋಡಿ. ಎಲ್ಲಿ ಗೀರು ಬಿತ್ತೋ ಅಲ್ಲಿ ಉಜ್ಜಿ. ಸ್ವಲ್ಪ, ಸ್ವಲ್ಪವೇ." ಹಿಂದಿನಿಂದ ಅರದ ಸದ್ದು. ಒಂದು ಕೀಲಿ ಕೆಡಿಸಿದಳು, ನಮ್ಮನ್ನೇ ಬೈದಳು. ಇನ್ನೊಂದು ಕೆಡಿಸಿ ತನ್ನನ್ನೇ ಬೈದುಕೊಂಡಳು. ಒಂದು ಗಂಟೆ ಹತ್ತು ನಿಮಿಷ ಕೂತಿದ್ದೆವು. ಮೇಲಿನ ಮನೆಯವರು ಇಳಿದು ಹೋಗುವಾಗ ಇವರೇಕೆ ಗೋಡೆಗೆ ಪಾಠ ಹೇಳುತ್ತಿದ್ದಾರೆ ಎಂದು ನೋಡಿಕೊಂಡು ಹೋದರು. ನನ್ನ ಕತ್ತು ನೋಯುತ್ತಿತ್ತು. ತಿರುಗಲಿಲ್ಲ.

ಕೊನೆಗೆ ಬೀಗ ತಿರುಗಿದ ಸದ್ದು ಕೇಳಿತು. ಮತ್ತೊಮ್ಮೆ ತಿರುಗಿಸಿದಳು. ಮತ್ತೊಮ್ಮೆ.

"ಈಗ ಇದರ ಹಲ್ಲು ನಿಮಗೆ ಗೊತ್ತಿಲ್ಲ ತಾನೆ?" ಎಂದು ಕೇಳಿದಳು.

"ಗೊತ್ತಿಲ್ಲ" ಅಂದೆ.

"ಸರಿ, ಹೊರಡಿ" ಎಂದು ಅರ ವಾಪಸು ಕೊಟ್ಟು, ನಮ್ಮ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು.

ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಮೇಲಿನ ಮಹಡಿಗೆ ಹತ್ತತೊಡಗಿದಳು. ನಾನು ಒಂದು ಗಳಿಗೆ ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ನಾನು ಮಾಡಿದ ಬೀಗಗಳಲ್ಲಿ ನನ್ನ ಕೈಯಲ್ಲೂ ತೆಗೆಯಲು ಆಗದ ಮೊದಲನೆಯದು ಅದು.

ನಿಮ್ಮ ಬೀಗಿತ್ತಿ